ನಾಯಿಯ ಕುಶಲ ಸಮಾಚಾರ

ಸರಕಾರ ಹೇಳಿದ್ದನ್ನು ನಾನು ನಂಬುವುದಿಲ್ಲ. ಇದು ಜಂಬದ ಮಾತಲ್ಲ, ಕಸುಬಿನ ಅಭ್ಯಾಸ. ಸಾಗರದಲ್ಲಿ ಕೂತು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕುಗಳ ಸುದ್ದಿಯನ್ನು ಜಿಲ್ಲಾ ಕೇಂದ್ರದ ಒಂದು ದಿನಪತ್ರಿಕೆಗೆ ಕಳಿಸುತ್ತಿದ್ದವನು ನಾನು. ಯಾವುದೋ ಹಳ್ಳದ ಮೇಲಿನ ಸೇತುವೆ ಮುಗಿದಿದೆ ಎಂದು ಪ್ರಕಟಣೆ ಬಂದರೆ ಬಸ್ಸು ಹತ್ತಿ ಹೋಗಿ, ಸೇತುವೆಯ ನಡುವೆ ನಿಂತು, ಎರಡು ಸಲ ಕುಪ್ಪಳಿಸಿ ನೋಡಿ ಆಮೇಲೆ ಬರೆಯುತ್ತಿದ್ದೆ. ಕೆಲವು ಸಲ ಕುಪ್ಪಳಿಸಲು ಸೇತುವೆಯೇ ಇರುತ್ತಿರಲಿಲ್ಲ. ಹಾಗಿದ್ದ ನಾನು ಬದುಕಿನಲ್ಲಿ ಒಮ್ಮೆ, ಪೂರಾ ಒಂಬತ್ತು ದಿನ, ಒಂದು ಪ್ರಕಟಣೆಯನ್ನು ಕಣ್ಣುಮುಚ್ಚಿ ನಂಬಿದೆ. ಅದು ಸೇತುವೆಯ ವಿಷಯವಾಗಿರಲಿಲ್ಲ, ನನ್ನ ಜೀವದ ವಿಷಯವಾಗಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಬೇರೆಯವರ ನಾಚಿಕೆಗೇಡನ್ನು ಅಚ್ಚು ಹಾಕಿಸಿ ಅನ್ನ ತಿಂದವನು ತನ್ನದನ್ನು ಮುಚ್ಚಿಡುವುದು ಸರಿಯಲ್ಲ.

ನಮ್ಮ ಪಕ್ಕದ ಮನೆಯವರು ಶೇಷಪ್ಪಗೌಡರು. ಮೂಲ ತೀರ್ಥಹಳ್ಳಿ ಕಡೆ. ಮೂರೂ ತಾಲ್ಲೂಕುಗಳ ಕಚೇರಿಗಳಲ್ಲಿ ಕುರ್ಚಿ ಸವೆಸಿ, ಶಿರಸ್ತೇದಾರರಾಗಿ ನಿವೃತ್ತರಾದವರು. ಶಿರಸ್ತೇದಾರ್ ಎಂದರೆ, ತಹಸೀಲ್ದಾರರು ಓದದೆ ಸಹಿ ಹಾಕುವ ಕಾಗದಗಳನ್ನು ತಾವು ನೋಡದೆ ಬರೆಯುವ ಅಧಿಕಾರಿ. ಕೆಲಸ ಬಿಟ್ಟರೂ ಕಾಗದದ ಭಾಷೆ ಅವರನ್ನು ಬಿಟ್ಟಿರಲಿಲ್ಲ. ಮನೆ ಮುಂದಿನ ಚರಂಡಿ ಕಟ್ಟಿಕೊಂಡು ನಾರಿದರೆ ‘ಪರಿಸ್ಥಿತಿ ಹತೋಟಿಯಲ್ಲಿದೆ’ ಎನ್ನುತ್ತಿದ್ದರು. ಹೆಂಡತಿ ಸಿಟ್ಟು ಮಾಡಿಕೊಂಡು ತವರಿಗೆ ಹೋದಾಗಲೂ ಅದನ್ನೇ ಹೇಳಿ, ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಂದರು.

ಅವರಿಗೊಂದು ನಾಯಿ. ಕಂದು ಮೈ, ಎದೆಯ ಮೇಲೆ ಅಂಗೈಯಗಲ ಬಿಳಿ. ಹೆಸರು ರಾಜು. ನಾಯಿಗೆ ಮನುಷ್ಯರ ಹೆಸರು ಏಕೆ ಎಂದು ನಮ್ಮ ಬೀದಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಸಕ್ಕರೆಗೆ ಮತ್ತೆ ಸರದಿ ಶುರುವಾದ ಕಾಲ ಅದು. ನಡುವೆ ಸ್ವಲ್ಪ ದಿನ ಅಂಗಡಿಯಲ್ಲಿ ಕೇಳಿದಷ್ಟು ಸಕ್ಕರೆ ಸಿಕ್ಕಿ, ನಾವೆಲ್ಲ ಕಾಫಿಗೆ ಎರಡೆರಡು ಚಮಚ ಹಾಕಿಕೊಳ್ಳುವ ದುರಭ್ಯಾಸ ಕಲಿತು, ಮತ್ತೆ ರೇಷನ್ ಕಾರ್ಡು ಹಿಡಿದು ಸೊಸೈಟಿಯ ಕಟ್ಟೆಯ ಮುಂದೆ ನಿಂತಿದ್ದೆವು. ಕಾರ್ಡಿನಲ್ಲಿ ತಲೆ ಹೆಚ್ಚಿದ್ದಷ್ಟೂ ಸಕ್ಕರೆ ಹೆಚ್ಚು. ಗೌಡರ ಕಾರ್ಡಿನಲ್ಲಿ ‘ರಾಜು, ವಯಸ್ಸು ಎಂಟು’ ಎಂದಿತ್ತು. ಇಬ್ಬರು ಹೆಣ್ಣುಮಕ್ಕಳಿಗೆ ಮದುವೆ ಮಾಡಿ ಮುಗಿಸಿದ ಮನುಷ್ಯನಿಗೆ ಎಂಟು ವರ್ಷದ ಮಗ ಎಲ್ಲಿಂದ ಬಂದ ಎಂದು ಯಾವ ಇನ್‌ಸ್ಪೆಕ್ಟರೂ ಕೇಳಲಿಲ್ಲ. ಕೇಳಬೇಕಾದವರು ಗೌಡರ ಕೈಕೆಳಗೇ ಬರೆಯಲು ಕಲಿತವರು.

ವರದಿಗಾರನಾಗಿ ನಾನಿದನ್ನು ಬರೆಯಬೇಕಿತ್ತು. ಬರೆಯಲಿಲ್ಲ. ನಮ್ಮ ಕಾರ್ಡಿನಲ್ಲಿ ನನ್ನ ಅಜ್ಜಿ ತೀರಿಕೊಂಡು ಮೂರು ವರ್ಷವಾದ ಮೇಲೂ ತಿಂಗಳು ತಿಂಗಳು ತಪ್ಪದೆ ಸಕ್ಕರೆ ತರುತ್ತಿದ್ದಳು. ಬದುಕಿದ್ದಾಗ ಸಿಹಿ ಮುಟ್ಟದ ಹೆಂಗಸು. ಸತ್ತವರೂ ನಾಯಿಗಳೂ ಸಹಾಯ ಮಾಡದಿದ್ದರೆ ಆ ವರ್ಷಗಳಲ್ಲಿ ಸಂಸಾರ ನಡೆಸುವುದು ಕಷ್ಟವಿತ್ತು.

ಒಂದು ದಿನ ಬೆಳಗ್ಗೆ ಪತ್ರಿಕೆ ಕೊಡಲು ಗೌಡರ ಗೇಟು ತೆಗೆದೆ. ಅವರು ಪತ್ರಿಕೆ ತರಿಸುತ್ತಿರಲಿಲ್ಲ. ‘ಬರೆಯೋರೇ ಪಕ್ಕದಲ್ಲಿದ್ದಾಗ ತರಿಸೋದು ಎಂತಕ್ಕೆ’ ಎಂಬುದು ಅವರ ವಾದ. ರಾಜು ಜಗಲಿಯಿಂದ ಬೊಗಳುತ್ತಾ ಬಂತು. ನಾನು ನಿಲ್ಲಲಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಹಿರಿಯರು ಹೇಳಿದ್ದಾರಲ್ಲ? ರಾಜು ಬೊಗಳುವುದನ್ನು ಒಂದು ಕ್ಷಣ ನಿಲ್ಲಿಸಿ ನನ್ನ ಬಲಗಾಲಿನ ಮೀನಖಂಡಕ್ಕೆ ಬಾಯಿ ಹಾಕಿ, ಕೆಲಸ ಮುಗಿಸಿ, ಬಿಟ್ಟಲ್ಲಿಂದಲೇ ಬೊಗಳಲು ಶುರುಮಾಡಿತು.

ಈ ಗಾದೆಯ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಆದರೆ ಹಾಗೆನ್ನುವುದೂ ಒಂದು ಗಾದೆಯೇ. ಕಳ್ಳನ ಪರವಾಗಿ ಕಳ್ಳನ ತಮ್ಮ ಸಾಕ್ಷಿ ಹೇಳಿದ ಹಾಗಾಯಿತು. ಬೊಗಳುವ ನಾಯಿಯ ಗಾದೆ ಕಟ್ಟಿದವನು ಯಾರೇ ಇರಲಿ, ಅವನ ಮಾಹಿತಿಯ ಮೂಲ ನಾಯಿಯಂತೂ ಅಲ್ಲ. ನಾಯಿ ಸಾಕಿದ ಯಾವನೋ ಯಜಮಾನ ಜಗಲಿಯ ಮೇಲಿಂದ ಕೂಗಿ ಹೇಳಿದ್ದಿರಬೇಕು: ‘ಬನ್ನಿ, ಬನ್ನಿ, ಏನೂ ಮಾಡೋದಿಲ್ಲ.’ ಗೌಡರೂ ಅದನ್ನೇ ಹೇಳಿದರು. ಕಚ್ಚಿದ ಮೇಲೆ ಹೇಳಿದರು ಎನ್ನುವುದೊಂದೇ ವ್ಯತ್ಯಾಸ.

ಡಾಕ್ಟರು ಗಾಯಕ್ಕೆ ಸೋಪು ಹಾಕಿ ತಿಕ್ಕಿ ತೊಳೆದರು. ನಂತರ ನನ್ನ ಹೊಟ್ಟೆಯ ಕಡೆ ನೋಡಿದರು. ಆ ಕಾಲದಲ್ಲಿ ನಾಯಿ ಕಚ್ಚಿದವರಿಗೆ ಹೊಕ್ಕುಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್, ದಿನಕ್ಕೊಂದರಂತೆ. ಚುಚ್ಚಿಸಿಕೊಂಡವರು ಅದರ ವರ್ಣನೆ ಮಾಡುವಾಗ ಹೊಟ್ಟೆ ಹಿಡಿದುಕೊಂಡೇ ಮಾತಾಡುತ್ತಿದ್ದರು.

‘ಗೊತ್ತಿರೋ ನಾಯಿನಾ?’ ಎಂದು ಡಾಕ್ಟರು ಕೇಳಿದರು.

‘ಪಕ್ಕದ ಮನೇದು. ಪೂರ್ತಿ ಗೊತ್ತು.’

‘ಹಾಗಾದ್ರೆ ಹತ್ತು ದಿನ ಅದನ್ನ ಕಟ್ಟಿ ಹಾಕಿಸಿ. ದಿನಾ ನೋಡ್ತಾ ಇರಿ. ಹತ್ತು ದಿನ ಅದು ಚೆನ್ನಾಗಿದ್ರೆ ನೀವೂ ಚೆನ್ನಾಗಿದೀರಿ ಅಂತ ಅರ್ಥ, ಇಂಜೆಕ್ಷನ್ ಬೇಡ. ಅದು ಸತ್ರೆ, ಇಲ್ಲಾ ಕಾಣೆಯಾದ್ರೆ, ಅದೇ ದಿನ ಓಡಿ ಬನ್ನಿ. ಹುಚ್ಚು ಒಂದು ಸಲ ಮನುಷ್ಯನಿಗೆ ಹತ್ತಿದ್ರೆ ನಾನೂ ಇಲ್ಲ, ದೇವರೂ ಇಲ್ಲ.’

ಹೀಗೆ ನನ್ನ ಆಯುಸ್ಸು ಒಂದು ನಾಯಿಯ ಆಯುಸ್ಸಿಗೆ ಗಂಟುಬಿತ್ತು. ಗೌಡರು ಬಂದು ನನ್ನ ಕಟ್ಟು ಹಾಕಿದ ಕಾಲನ್ನು, ಆಮೇಲೆ ಮೇಜಿನ ಮೇಲಿದ್ದ ನನ್ನ ಪೆನ್ನನ್ನು ನೋಡಿದರು. ಎರಡನೆಯದನ್ನೇ ಹೆಚ್ಚು ಹೊತ್ತು ನೋಡಿದರು ಎಂದು ಈಗ ನೆನಪಾಗುತ್ತದೆ.

‘ಪೇಪರಿಗೆ ಹಾಕ್ತೀರಾ ಮಾರಾಯ್ರೆ?’

‘ನನ್ನ ಕಾಲಿನ ಸುದ್ದಿ ಯಾರಿಗೆ ಬೇಕು ಗೌಡ್ರೆ? ನೀವು ನಾಯಿ ಕಟ್ಟಿಹಾಕಿ ಸಾಕು.’

‘ಹಿತ್ತಲಲ್ಲಿ ಕಟ್ಟಿ ಹಾಕ್ತೀನಿ. ನೀವು ಕುಂಟ್ಕೊಂಡು ಬರೋದು ಬ್ಯಾಡ. ದಿನಾ ಬೆಳಗ್ಗೆ ರಿಪೋರ್ಟು ನಾನೇ ತಂದು ಒಪ್ಪಿಸ್ತೀನಿ.’

ಮರುದಿನದಿಂದ ಶುರುವಾಯಿತು. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಗೌಡರು ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದರು. ‘ರಾತ್ರಿ ಗಂಜಿ ಕುಡಿದಿದೆ. ನಿದ್ರೆ ಚೆನ್ನಾಗಿ ಬಂದಿದೆ. ಸ್ಥಿತಿ ತೃಪ್ತಿಕರ.’ ನಾನು ಅದನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅಭ್ಯಾಸ. ಮೂರನೆಯ ದಿನ: ‘ಆಹಾರ ಸೇವನೆ ಉತ್ತಮ.’ ನಾಲ್ಕನೆಯ ದಿನ: ‘ಕಾಗೆ ಓಡಿಸಿದೆ. ಲವಲವಿಕೆ ಕಂಡುಬಂದಿದೆ.’

ನನ್ನ ಹೆಂಡತಿ ಹೊಸನಗರದ ಕಡೆಯವಳು. ಸರಕಾರದ ಬಗ್ಗೆ ಅವಳು ಏನನ್ನೂ ಓದಿಲ್ಲ, ಆದ್ದರಿಂದ ಮೋಸ ಹೋಗುವುದು ಕಡಿಮೆ. ‘ನಾಯಿನ ನೀವು ನೋಡಿದ್ರಾ?’ ಎಂದು ಕೇಳಿದಳು.

‘ಗೌಡರು ಹೇಳಿದ್ರಲ್ಲ.’

‘ಗೌಡ್ರು ಏನು ಹೇಳಿದ್ರು ಅಂತ ನಾನೂ ಕೇಳಿಸ್ಕೊಂಡೆ. ನೀವು ನೋಡಿದ್ರಾ?’

‘ಅವರು ಸುಳ್ಳು ಯಾಕೆ ಹೇಳ್ತಾರೆ?’

‘ಮೂವತ್ತು ವರ್ಷ ಯಾಕೆ ಹೇಳಿದ್ರೋ ಅದಕ್ಕೇ.’

ನಿಜ ಹೇಳಬೇಕೆಂದರೆ, ನೋಡಲು ಹೋಗದಿರುವುದಕ್ಕೆ ಕಾಲು ಕಾರಣವಾಗಿರಲಿಲ್ಲ. ಎರಡನೆಯ ದಿನವೇ ನಾನು ಬಸ್‌ಸ್ಟ್ಯಾಂಡಿನವರೆಗೆ ನಡೆದು ಹೋಗಿ ಸುದ್ದಿಯ ಕವರು ಕಳಿಸಿ ಬಂದಿದ್ದೆ. ಆದರೆ ಗೌಡರ ಹಿತ್ತಲಿಗೆ ಇಪ್ಪತ್ತು ಹೆಜ್ಜೆ ಹಾಕಲು ಧೈರ್ಯವಾಗಲಿಲ್ಲ. ಅಲ್ಲಿ ನಾಯಿ ಇದೆಯಲ್ಲ! ಇದೆ ಎಂಬ ಹೆದರಿಕೆಯಿಂದಲೇ ಇದೆಯೋ ಇಲ್ಲವೋ ನೋಡಲು ಹೋಗಲಿಲ್ಲ. ಪ್ರಜೆಗಳು ಕಚೇರಿಗಳ ವಿಷಯದಲ್ಲಿ ಮಾಡುವುದೂ ಇದನ್ನೇ ಇರಬೇಕು.

ಐದನೆಯ ದಿನ ಗೌಡರು ಗೋಡೆಯ ಹತ್ತಿರ ಬಂದಾಗ ಮುಖ ಸಪ್ಪೆಯಾಗಿತ್ತು. ‘ಯಾಕೋ ಸ್ವಲ್ಪ ಮಂಕು. ಬರೀ ಗಂಜಿ ಹಿಡಿಸ್ತಾ ಇಲ್ಲ ಕಾಣ್ತದೆ. ಹಾಲು ಹಾಕಿದ್ರೆ ಆಗ್ತಿತ್ತು. ಹಾಲಿನ ರೇಟು ನಿಮಗೇ ಗೊತ್ತಲ್ಲ. ಪೆನ್ಷನ್‌ದಾರ ಎಲ್ಲಿಂದ ತರೋದು?’

ಮಂಕು ಎನ್ನುವುದು ಹುಚ್ಚಿನ ಮೊದಲ ಮೆಟ್ಟಿಲೆಂದು ಎಲ್ಲೋ ಓದಿದ್ದೆ. ನಮ್ಮ ಮನೆಗೆ ಬರುತ್ತಿದ್ದ ಹಾಲಿನಲ್ಲಿ ಅರ್ಧ ತಕ್ಷಣ ಗೋಡೆ ದಾಟಿತು. ಸಂಜೆಯ ಪ್ರಕಟಣೆ: ‘ಚೇತರಿಕೆ ಕಂಡುಬಂದಿದೆ.’ ಆರನೆಯ ದಿನ ಹಾಲಿನ ಜೊತೆ ಸ್ವಲ್ಪ ಸಕ್ಕರೆಯೂ ಇದ್ದರೆ ಒಳ್ಳೆಯದು ಎಂದಾಯಿತು. ಅಜ್ಜಿಯ ಪಾಲಿನ ಸಕ್ಕರೆ ಹೋಯಿತು. ಏಳನೆಯ ದಿನದಿಂದ ನಮ್ಮ ಮನೆಯಲ್ಲಿ ಬೆಲ್ಲ ಹಾಕಿದ ಕಪ್ಪು ಕಾಫಿ. ಬೆಲೆ ಏರಿಕೆಯ ಬಗ್ಗೆ ನಾನು ಎಷ್ಟೋ ಸಲ ಬರೆದಿದ್ದೆ. ಅದರ ರುಚಿ ನೋಡಿದ್ದು ಆಗಲೇ.

ಈ ನಡುವೆ ಕುಶಲ ವಿಚಾರಿಸಲು ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋದರು. ಹೊಸನಗರದ ಆಚೆ ಒಬ್ಬರು ನಾಯಿ ಕಡಿತಕ್ಕೆ ಬೇರು ಕೊಡುತ್ತಾರಂತೆ, ಆದರೆ ಆರು ತಿಂಗಳು ಬದನೆಕಾಯಿ ತಿನ್ನುವಂತಿಲ್ಲ, ಹೆಣ ನೋಡುವಂತಿಲ್ಲ. ವರದಿಗಾರ ಹೆಣ ನೋಡದೆ ಹೇಗಿರುವುದು? ಇನ್ನೊಬ್ಬರು ಕಚ್ಚಿದ ನಾಯಿಯ ಕೂದಲನ್ನೇ ಸುಟ್ಟು ಗಾಯಕ್ಕೆ ಹಚ್ಚಬೇಕೆಂದರು. ಕೂದಲು ಕಿತ್ತುಕೊಂಡು ಬರುವವರು ಯಾರು ಎಂದು ಕೇಳಿದ್ದಕ್ಕೆ ಕಾಫಿ ಲೋಟ ಕೆಳಗಿಟ್ಟು ಎದ್ದರು. ಕಾಫಿಯ ಬಣ್ಣ ನೋಡಿ ಎದ್ದದ್ದೂ ಇರಬಹುದು.

ಮೂರನೆಯವರು ಹೇಳಿದ್ದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಹುಚ್ಚು ಹತ್ತಿದವರಿಗೆ ನೀರು ಕಂಡರೆ ಭಯವಂತೆ. ಅಂದಿನಿಂದ ನನ್ನ ಪರೀಕ್ಷೆ ನಾನೇ ಶುರುಮಾಡಿದೆ. ಗಂಟೆಗೊಂದು ಲೋಟ ನೀರು ತೆಗೆದುಕೊಳ್ಳುವುದು, ಅದನ್ನು ದಿಟ್ಟಿಸಿ ನೋಡುವುದು, ಭಯವಾಗುತ್ತಿದೆಯೇ ಎಂದು ಕೇಳಿಕೊಳ್ಳುವುದು, ಇಲ್ಲವೆಂದು ಖಾತ್ರಿಪಡಿಸಲು ಕುಡಿದುಬಿಡುವುದು. ದಿನದ ಕೊನೆಗೆ ಭಯವಿರಲಿಲ್ಲ, ಆದರೆ ಹಿತ್ತಲಿಗೂ ಮನೆಗೂ ಓಡಾಡಿ ಕಾಲು ಸೋತಿರುತ್ತಿತ್ತು. ‘ನಾಯಿನ ನೋಡೋಕೆ ಇಪ್ಪತ್ತು ಹೆಜ್ಜೆ ಹೋಗೋದಿಲ್ಲ. ನೀರು ನೋಡೋಕೆ ಇನ್ನೂರು ಹೆಜ್ಜೆ’ ಎಂದಳು ಹೆಂಡತಿ.

ಒಂಬತ್ತನೆಯ ದಿನ. ಬೆಳಗಿನ ಪ್ರಕಟಣೆಯಾಗಿತ್ತು: ‘ಸಂಪೂರ್ಣ ಆರೋಗ್ಯ. ಇನ್ನು ಒಂದೇ ದಿನ.’ ಹತ್ತು ಗಂಟೆಗೆ ಪೋಸ್ಟ್‌ಮನ್ ಗಣಪತಿ ಟಪಾಲು ತಂದ. ಗೌಡರ ಗೇಟಿನ ಮುಂದೆ ಬರುವಾಗ ಸೈಕಲ್ಲಿನ ಪೆಡಲು ಬಿಟ್ಟು ಎರಡೂ ಕಾಲುಗಳನ್ನು ಹ್ಯಾಂಡಲ್ ಮೇಲೆ ಎತ್ತಿಟ್ಟುಕೊಂಡು ತೇಲಿ ಹೋಗುವುದು ಅವನ ಪದ್ಧತಿ. ನಮ್ಮ ಬೀದಿಯ ಮಕ್ಕಳಿಗೆ ಅದು ದಿನದ ಸರ್ಕಸ್ಸು. ಅವತ್ತು ಅವನು ಕಾಲು ಎತ್ತಿರಲಿಲ್ಲ. ಆರಾಮಾಗಿ ಪೆಡಲು ತುಳಿದುಕೊಂಡು ಬಂದ.

‘ಏನು ಗಣಪತಿ, ಧೈರ್ಯ ಬಂದಿದೆ?’

‘ಧೈರ್ಯ ಎಂತದು ಸಾರ್. ಗೌಡ್ರ ನಾಯಿ ಇಲ್ವಲ್ಲ. ಒಂದು ವಾರದ ಮೇಲಾಯ್ತು, ಕಾಲು ಇಳಿಸ್ಕೊಂಡೇ ಬರ್ತಿದೀನಿ. ನೀವು ನೋಡ್ಲಿಲ್ವಾ?’

ನಾನು ನೋಡಿರಲಿಲ್ಲ. ದಿನಾ ಜಗಲಿಯಲ್ಲಿ ಕೂತು ಅವನ ಕೈಯಿಂದಲೇ ಟಪಾಲು ಇಸಕೊಂಡಿದ್ದೆ. ಅವನ ಕಾಲು ನೆಲದ ಹತ್ತಿರ ಇತ್ತು. ಪಕ್ಕದ ಮನೆಯಿಂದ ಒಂಬತ್ತು ದಿನ ಒಂದೇ ಒಂದು ಬೊಗಳಿನ ಸದ್ದು ಬಂದಿರಲಿಲ್ಲ. ನನ್ನ ಕಣ್ಣು ನೋಟ್‌ಬುಕ್ಕಿನಲ್ಲಿತ್ತು, ಕಿವಿ ಗೋಡೆಯ ಹತ್ತಿರ ಇತ್ತು.

ಗೌಡರ ಹಿತ್ತಲಿಗೆ ಓಡಿದೆ. ಈಗ ಹೆದರಿಕೆಯಾಗಲಿಲ್ಲ. ತೆಂಗಿನ ಮರಕ್ಕೆ ಒಂದು ಹಗ್ಗ ಕಟ್ಟಿತ್ತು, ಹಗ್ಗದ ಇನ್ನೊಂದು ತುದಿಯಲ್ಲಿ ಏನೂ ಇರಲಿಲ್ಲ. ಗೌಡರು ಒಳಗಿನಿಂದ ಕಾಫಿ ಲೋಟ ಹಿಡಿದು ಬಂದರು. ಬೆಳ್ಳಗಿನ, ದಪ್ಪ ಹಾಲಿನ ಕಾಫಿ.

‘ನಾಯಿ ಎಲ್ಲಿ ಗೌಡ್ರೆ?’

‘ನಾಯಿ...’ ಎಂದು ಅವರು ಹಗ್ಗದ ಕಡೆ ನೋಡಿದರು. ಹಗ್ಗವೇ ಉತ್ತರ ಕೊಡಲಿ ಎಂಬಂತೆ. ‘ಅದನ್ನ ಟ್ರಾನ್ಸ್‌ಫರ್ ಮಾಡ್ದೆ ಮಾರಾಯ್ರೆ.’

ಮಲೆನಾಡಿನಲ್ಲಿ ಕಳ್ಳ ಬೆಕ್ಕನ್ನು ಯಾರೂ ಕೊಲ್ಲುವುದಿಲ್ಲ. ಗೋಣಿಚೀಲದಲ್ಲಿ ಹಾಕಿ ಹೊಳೆ ದಾಟಿಸಿ ಬಿಟ್ಟು ಬರುತ್ತಾರೆ. ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ಮರೆಯುತ್ತದೆ ಎಂದು ನಂಬಿಕೆ. ಕಚೇರಿಯಲ್ಲಿ ತೊಂದರೆ ಕೊಡುವ ಗುಮಾಸ್ತನನ್ನೂ, ಮಾತಾಡುವ ಮೇಷ್ಟರನ್ನೂ ಹೀಗೆಯೇ ಶರಾವತಿಯ ಹಿನ್ನೀರಿನ ಆಚೆಗೆ ಕಳಿಸುತ್ತಿದ್ದರು. ಗೌಡರು ತಮ್ಮ ಸೇವೆಯಲ್ಲಿ ಕಲಿತ ಪರಿಹಾರ ಇದೊಂದೇ. ನನಗೆ ಕಚ್ಚಿದ ಮರುದಿನವೇ, ಬೆಳಗಿನ ಮೊದಲ ಪ್ರಕಟಣೆಯನ್ನು ನನಗೆ ಕೊಟ್ಟು, ರಾಜುವಿಗೆ ಬೇರೆ ಹಗ್ಗ ಹಾಕಿ, ಬಸ್ಸಿನಲ್ಲಿ ಹಿನ್ನೀರಿನ ದಡದ ಹೊಳೆಬಾಗಿಲಿಗೆ ಹೋಗಿ, ಲಾಂಚು ಹತ್ತಿಸಿ, ಆಚೆ ದಡದಲ್ಲಿ ಬಿಟ್ಟು ಬಂದಿದ್ದರು.

‘ಯಾಕೆ?’

‘ನೀವು ಪೇಪರಿನವ್ರು. ನಾಯಿ ಕಚ್ತು ಅಂತ ಬರೀತೀರಿ. ಯಾವ ನಾಯಿ ಅಂತ ಕೇಳ್ತಾರೆ. ರಾಜು ಅಂತೀರಿ. ಕಾರ್ಡಿನಲ್ಲಿರೋ ರಾಜು ಯಾವ್ದು ಅಂತ ಯಾವನೋ ಕೆದಕ್ತಾನೆ. ನನ್ನ ಪೆನ್ಷನ್ನಿಗೆ ಕುತ್ತು. ಅದಕ್ಕೇ ಮೊದ್ಲು ನಾಯಿನೇ ಇಲ್ಲ ಮಾಡ್ದೆ.’

‘ಒಂಬತ್ತು ದಿನ ಗಂಜಿ ಕುಡೀತು, ಕಾಗೆ ಓಡಿಸ್ತು ಅಂದ್ರಲ್ಲ!’

‘ನಿಮಗೆ ಸಮಾಧಾನ ಆಗ್ಲಿ ಅಂತ. ರೋಗಿಗೆ ಧೈರ್ಯ ಹೇಳ್ಬೇಕಲ್ವಾ?’

‘ಹಾಲು?’

ಗೌಡರು ಲೋಟವನ್ನು ಬೆನ್ನ ಹಿಂದೆ ಸರಿಸಿದರು. ‘ಬಂದಿದ್ದು ಹಾಳಾಗ್ತದಲ್ಲ ಅಂತ ಕಾಫಿಗೆ ಹಾಕ್ಕಂಡ್ವಿ.’

ಡಾಕ್ಟರರ ಹತ್ತಿರ ಓಡಿದೆ. ಅವರು ಗಂಭೀರವಾಗಿ ಕೇಳಿದರು: ‘ದಿನಾ ನೋಡಿ ಅಂದಿದ್ನಲ್ಲ?’

‘ದಿನಾ ವರದಿ ಬರ್ತಿತ್ತು.’

ಅವರು ನನ್ನನ್ನು ನೋಡಿದ ನೋಟವನ್ನು ನಾನು ಕೆಲವು ಮಂತ್ರಿಗಳಿಗಾಗಿ ತೆಗೆದಿಟ್ಟಿದ್ದೆ. ‘ಔಷಧಿ ಶಿವಮೊಗ್ಗದಿಂದ ತರಿಸಬೇಕು. ನಾಳೆ ಸಂಜೆ ಬಸ್ಸಿಗೆ ಬರುತ್ತೆ. ನಾಳೆಗೆ ಹತ್ತು ದಿನ. ಅಷ್ಟರಲ್ಲಿ ಆ ನಾಯಿ ಜೀವಂತ ಇರೋದನ್ನ ಕಣ್ಣಾರೆ ನೋಡಿಕೊಂಡು ಬನ್ನಿ. ಬೇರೆಯವರ ಬಾಯಲ್ಲಿ ಬೇಡ. ಸಿಗಲಿಲ್ಲ ಅಂದ್ರೆ ಸಂಜೆನೇ ಮೊದಲನೇದು ಚುಚ್ತೀನಿ. ತಡ ಆಗಿದೆ, ಅದು ನೆನಪಿರಲಿ.’

ತಡ ಆಗಿದೆ ಎಂಬ ಮಾತು ಆಮೇಲೆ ನನ್ನ ಜೊತೆಯಲ್ಲೇ ನಡೆದುಕೊಂಡು ಬಂತು. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ನಾನೂ ಗೌಡರೂ ಹೊರಟೆವು. ಅವರು ಒಲ್ಲೆನೆಂದರು. ನನ್ನ ಹೆಂಡತಿ ಗೋಡೆಯ ಹತ್ತಿರ ಹೋಗಿ, ‘ನೀವು ಹೋಗ್ದಿದ್ರೆ ನಾನೇ ಸೊಸೈಟಿಗೆ ಹೋಗಿ ರಾಜು ಎಲ್ಲಿ ಅಂತ ಕೇಳ್ತೀನಿ’ ಎಂದು ಮೆಲ್ಲಗೆ ಹೇಳಿದಳು. ಗೌಡರು ಚಪ್ಪಲಿ ಮೆಟ್ಟಿಕೊಂಡರು.

ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿ ಕೂತ ಮೇಲೆ ನೋಡಿದರೆ ಮುಂದೆ ನೀರು, ಹಿಂದೆ ನೀರು, ಎರಡೂ ಕಡೆ ನೀರು. ಒಂದು ಲೋಟದ ಪರೀಕ್ಷೆ ಹೋಗಿ ಒಂದು ಸಮುದ್ರದ ಪರೀಕ್ಷೆ ಎದುರಾಗಿತ್ತು. ಭಯವಾಗುತ್ತಿದೆಯೇ? ಖಂಡಿತ ಆಗುತ್ತಿತ್ತು. ಆದರೆ ಇದು ರೋಗದ ಭಯವೋ, ಈಜು ಬಾರದವನ ಭಯವೋ ಎಂದು ತಿಳಿಯುವ ಉಪಾಯವಿರಲಿಲ್ಲ. ಹದಿನಾಲ್ಕು ಸೂಜಿ ಹೊಕ್ಕುಳಿನ ಸುತ್ತ ಅಲ್ಲಿಯೇ ಸಾಲಾಗಿ ನಿಂತಂತೆ ಅನ್ನಿಸಿತು. ಲಾಂಚಿನ ಕಂಬಿ ಹಿಡಿದುಕೊಂಡೆ.

ನೀರಿನ ನಡುವೆ ಒಣಗಿದ ಮರದ ತುದಿಗಳು ನಿಂತಿದ್ದವು. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಊರುಗಳು ಆ ನೀರಿನ ಕೆಳಗಿವೆ. ಗೌಡರು ಅವನ್ನು ತೋರಿಸಿ, ಮಾತು ಬದಲಾಯಿಸುವ ಉತ್ಸಾಹದಲ್ಲಿ, ಆಗ ತಾನು ಎಳೆಯ ಗುಮಾಸ್ತನಾಗಿದ್ದೆ, ಒಕ್ಕಲೆಬ್ಬಿಸಿದ ಜನರ ಕಾಗದವನ್ನೆಲ್ಲ ಬರೆದವರಲ್ಲಿ ತಾನೂ ಒಬ್ಬ ಎಂದರು.

‘ಏನಂತ ಬರೆದ್ರಿ?’

‘ಎಲ್ರಿಗೂ ಸೂಕ್ತ ವ್ಯವಸ್ಥೆ ಮಾಡಲಾಗಿದೆ ಅಂತ.’

‘ನೋಡಿದ್ರಾ?’

‘ನಮ್ದು ಬರೆಯೋ ಸೆಕ್ಷನ್ನು ಮಾರಾಯ್ರೆ. ನೋಡೋದು ಬೇರೆ ಸೆಕ್ಷನ್ನು.’

ನನಗೆ ಸಿಟ್ಟು ಬರಬೇಕಿತ್ತು. ಆದರೆ ಒಂಬತ್ತು ದಿನ ನಾನೂ ಬರೆಯುವ ಸೆಕ್ಷನ್ನಿನಲ್ಲೇ ಇದ್ದೆನಲ್ಲ. ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ಆ ಮರದ ತುದಿಗಳ ಕಡೆಗೆ ಕೈ ಮುಗಿದಳು. ಅಲ್ಲಿ ಅವಳದೇನಿತ್ತೋ, ನಾವಿಬ್ಬರೂ ಕೇಳಲಿಲ್ಲ.

ಆಚೆ ದಡದಲ್ಲಿ ಇಳಿದು ಏರು ಹತ್ತಿದರೆ ಒಬ್ಬ ಭಟ್ಟರ ಚಹಾದಂಗಡಿ. ಸೋಗೆ ಮಾಡು, ಎರಡು ಬೆಂಚು. ಗೌಡರು ನಾಯಿ ಬಿಟ್ಟದ್ದು ಅದರ ಮುಂದೆಯೇ. ಅಲ್ಲಿ ನಾಯಿ ಇರಲಿಲ್ಲ. ಹವ್ಯಕ ಕನ್ನಡ ಮಾತಾಡುವ ವಯಸ್ಸಾದ ಭಟ್ಟರು ಒಲೆ ಊದುತ್ತಿದ್ದರು.

‘ಇಲ್ಲಿ ಒಂದು ನಾಯಿ ಇತ್ತಲ್ಲ?’ ಎಂದೆ.

‘ನಾಯಿಯಾ? ಒಂದು ಹೋದ ವಾರ ಸತ್ತೋತು.’

ಬೆಂಚು ಹುಡುಕಿಕೊಂಡು ಕೂತೆ. ‘ಯಾವ ಬಣ್ಣ?’

‘ಕಂದು.’

ಗೌಡರು ಹಣೆ ಒರೆಸಿಕೊಂಡರು. ‘ಎಲ್ಲಾ ನಾಯಿನೂ ಕಂದೇ ಮಾರಾಯ್ರೆ’ ಎಂದರು. ಆದರೆ ಆ ಮಾತಿನಲ್ಲಿ ಬೆಳಗಿನ ಎಂಟು ಗಂಟೆಯ ದನಿ ಇರಲಿಲ್ಲ. ‘ಎದೆ ಮೇಲೆ ಬಿಳಿ ಇತ್ತಾ ಭಟ್ರೆ?’

‘ಸತ್ತ ನಾಯಿ ಎದೆನ ಆನು ಎಂತಕ್ಕೆ ನೋಡಲಿ?’

ನಾಯಿ ಕಚ್ಚಿ ಸತ್ತವರನ್ನು ನಾನು ವರದಿ ಮಾಡಿದ್ದೇನೆ. ಎರಡು ಸಾಲಿನಲ್ಲಿ ಮುಗಿಯುತ್ತದೆ. ನನ್ನ ಎರಡು ಸಾಲು ಹೇಗಿರಬಹುದು ಎಂದು ಯೋಚಿಸಿದೆ. ನನ್ನ ಊರು, ವಯಸ್ಸು, ಪತ್ನಿಯನ್ನು ಅಗಲಿದ್ದಾರೆ. ಸಂಪಾದಕರು ವಯಸ್ಸನ್ನು ತಪ್ಪು ಹಾಕುತ್ತಾರೆ. ಗೌಡರು ಮೆಲ್ಲಗೆ ಬಂದು ನನ್ನ ಪಕ್ಕ ಕೂತು, ಭುಜದ ಮೇಲೆ ಕೈಯಿಟ್ಟರು. ಆ ಮನುಷ್ಯನಿಗೆ ತನ್ನ ಕಾಗದದ ಆಚೆ ತುದಿಯಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ ಎಂಬುದು ಆಗಲೇ ಮೊದಲು ಕಂಡಿರಬೇಕು.

ಭಟ್ಟರು ಹೊಗೆಯಿಂದ ತಲೆಯೆತ್ತಿ ಗೌಡರನ್ನು ಸರಿಯಾಗಿ ನೋಡಿದರು. ‘ಹೋಯ್, ನಿಂಗೊ ಅವತ್ತು ಹಗ್ಗದ ಸಮೇತ ಒಂದು ನಾಯಿ ಬಿಟ್ಟಿಕ್ಕೆ ಓಡಿ ಲಾಂಚು ಹತ್ತಿದವ್ವಲ್ದಾ? ಅದನ್ನ ಕೇಳಿದ್ದಾ? ಮೊದ್ಲೇ ಹೇಳಕ್ಕಾಗಿತ್ತು! ಸತ್ತಿದ್ದು ಆಚೆ ಮನೆ ಮುದಿ ನಾಯಿ. ನಿಮ್ದು ಇದ್ದು. ಆರಾಮ ಇದ್ದು, ಎಂತ ಆಯ್ದಿಲ್ಲೆ. ಅಲ್ಲಿ ನೋಡಿ.’

ಏರಿನ ಕೆಳಗೆ, ಲಾಂಚಿನಿಂದ ಇಳಿದವರ ಚೀಲಗಳನ್ನು ಒಂದೊಂದಾಗಿ ಮೂಸುತ್ತಾ, ಸುಂಕದ ಕಟ್ಟೆಯ ಅಧಿಕಾರಿಯ ಗತ್ತಿನಲ್ಲಿ ರಾಜು ಬರುತ್ತಿತ್ತು. ಎದೆಯ ಮೇಲೆ ಬಿಳಿ. ಬಾಯಲ್ಲಿ ನೊರೆಯಿಲ್ಲ, ನಡೆಯಲ್ಲಿ ತೂರಾಟವಿಲ್ಲ. ಮೊದಲಿಗಿಂತ ದಪ್ಪಗಾಗಿತ್ತು. ಅಂಗಡಿಯ ಮುಂದಿನ ಬಾನಿಗೆ ಬಾಯಿ ಹಾಕಿ ಲಪಲಪನೆ ನೀರು ಕುಡಿಯಿತು. ಅಷ್ಟು ಮಧುರವಾದ ಸದ್ದನ್ನು ನಾನು ಯಾವ ಸಂಗೀತ ಕಚೇರಿಯಲ್ಲೂ ಕೇಳಿಲ್ಲ. ಆಮೇಲೆ ಬಂದು ನನ್ನ ಬಲಗಾಲನ್ನು ಮೂಸಿ, ಹಳೆಯ ಕಡತವೆಂದು ಕಂಡುಕೊಂಡು, ಮುಂದಕ್ಕೆ ಹೋಯಿತು.

ನನ್ನ ಭುಜದ ಮೇಲಿನ ಕೈ ಎದ್ದಿತು. ಗೌಡರು ಪಂಚೆ ಸರಿಮಾಡಿಕೊಂಡು ನಿಂತರು. ದನಿ ವಾಪಸು ಬಂದಿತ್ತು.

‘ನಾ ಹೇಳಿರ್ಲಿಲ್ವಾ? ಒಂಬತ್ತು ದಿನದಿಂದ ಹೇಳ್ತಾ ಇದೀನಿ, ಆರೋಗ್ಯವಾಗಿದೆ ಅಂತ. ನಿಮ್ಮ ಬುಕ್ಕಿನಲ್ಲಿ ಬರ್ಕೊಂಡಿದೀರಲ್ಲ, ತೆಗೆದು ನೋಡಿ. ಒಂದಾದ್ರೂ ಸುಳ್ಳಾಯ್ತಾ?’

ನಾನು ಪುಸ್ತಕ ತೆಗೆದು ನೋಡಿದೆ. ಆಹಾರ ಸೇವನೆ ಉತ್ತಮ. ಮೈ ನೋಡಿದರೆ ನಿಜವೇ. ಲವಲವಿಕೆ ಕಂಡುಬಂದಿದೆ. ನಿಜವೇ. ಕಾಗೆ ಓಡಿಸಿದೆ. ನಾವು ನೋಡುತ್ತಿದ್ದಂತೆಯೇ ಅಂಗಡಿಯ ಮುಂದೆ ಒಂದನ್ನು ಓಡಿಸಿತು. ತಿದ್ದುಪಡಿ ಹಾಕಲು ಒಂದು ಸಾಲೂ ಸಿಗಲಿಲ್ಲ. ಸುಳ್ಳು ಹೇಳುವ ಸರಕಾರವನ್ನು ನಾನು ಬಲ್ಲೆ. ಬಸ್ಸು ಹತ್ತಿ ಹೋಗಿ, ಸೇತುವೆ ಇಲ್ಲವೆಂದು ಬರೆದರೆ ಅದರ ಮುಖ ಸಣ್ಣದಾಗುತ್ತದೆ. ಆದರೆ ಏನನ್ನೂ ನೋಡದೆ, ಯಾರನ್ನೂ ಕೇಳದೆ, ಕಾಫಿ ಕುಡಿಯುತ್ತಾ ಹೇಳಿದ್ದು ಅಕಸ್ಮಾತ್ತಾಗಿ ನಿಜವಾಗಿಬಿಟ್ಟರೆ? ಅದನ್ನು ಹಿಡಿಯುವ ಕಾನೂನು ಇಲ್ಲ. ಮುಂದಿನ ಸಲ ಅದು ಇನ್ನೂ ಗಟ್ಟಿಯಾಗಿ ಹೇಳುತ್ತದೆ, ನಾವು ಇನ್ನೂ ಬೇಗ ನಂಬುತ್ತೇವೆ. ಆ ದಿನದಿಂದ ನಾನು ಸುಳ್ಳು ಪ್ರಕಟಣೆಗಳಿಗಿಂತ ಸರಿಯಾಗಿರುವ ಪ್ರಕಟಣೆಗಳಿಗೆ ಹೆಚ್ಚು ಹೆದರುತ್ತೇನೆ.

ಲಾಂಚು ಹೊರಡುವ ಹೊತ್ತಾಯಿತು. ಅಪಾಯ ಕಳೆದದ್ದರಿಂದ ಗೌಡರಿಗೆ ಔದಾರ್ಯ ಬಂದಿತ್ತು. ‘ಪಾಪ, ಇನ್ನು ಯಾಕೆ ಇಲ್ಲಿ. ಆರ್ಡರ್ ಕ್ಯಾನ್ಸಲ್ ಮಾಡಿ ಕರ್ಕೊಂಡು ಹೋಗುವ’ ಎಂದು ಭಟ್ಟರ ಅಂಗಡಿಯಲ್ಲಿ ಒಂದು ಬಿಸ್ಕತ್ತು ಪೊಟ್ಟಣ ಕೊಂಡರು. ಲಾಂಚಿನ ಹಲಗೆಯ ಮೇಲೆ ನಿಂತು, ಒಂದೊಂದೇ ಬಿಸ್ಕತ್ತು ತೋರಿಸುತ್ತಾ, ‘ಬಾ ರಾಜು, ಬಾ ಮಗನೇ, ಏನೂ ಮಾಡೋದಿಲ್ಲ’ ಎಂದು ಕರೆದರು. ರಾಜು ದಡದ ಅಂಚಿನವರೆಗೆ ಬಂತು. ಎಸೆದ ಬಿಸ್ಕತ್ತುಗಳನ್ನೆಲ್ಲ ತಾಳ್ಮೆಯಿಂದ, ಒಂದನ್ನೂ ಬಿಡದೆ ತಿಂದಿತು. ಪೊಟ್ಟಣ ಮುಗಿದದ್ದನ್ನು ಕಣ್ಣಾರೆ ನೋಡಿತು. ಲಾಂಚು ಹತ್ತಲಿಲ್ಲ.